ವಿಧೇಯತೆಯ ಪಾಠಕ್ಕೊಂದು ತಿದ್ದುಪಡಿ

ಕಲ್ಯಾಣಪುರವಿರಲಿ, ಶಿರ್ವವಿರಲಿ, ಕಾರ್ಕಳದ ಕಡೆಯ ಹಳ್ಳಿಯಿರಲಿ, ಇಗರ್ಜಿ ಇದ್ದಲ್ಲಿ ಪಕ್ಕದಲ್ಲೊಂದು ಶಾಲೆ ಇರುವುದು ನಮ್ಮೂರ ಕಡೆಯ ವಾಡಿಕೆ. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳು, ತುಳು ಆಡುವವರು, ಬ್ಯಾರಿ ಆಡುವವರು ಅಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಅನೇಕ ಕ್ಯಾಥೊಲಿಕ್ ಶಾಲೆಗಳಲ್ಲಿ ಒಂದು ಪೀರಿಯಡ್ಡಿಗೆ ಮಾತ್ರ ಈ ಬೆಂಚು ಒಡೆಯುತ್ತದೆ: ಕ್ರೈಸ್ತ ಮಕ್ಕಳಿಗೆ ಕೆಟೆಕಿಸಂ, ಉಳಿದವರಿಗೆ ನೀತಿಪಾಠ. ಒಡೆಯುವುದು ಸರಿಯೇ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧನೆಗೆ ಕೂರಿಸಬಾರದೆಂದು ಸಂವಿಧಾನದ 28ನೇ ವಿಧಿಯೇ ಹೇಳುತ್ತದೆ.

ಆದರೆ ಸ್ನೇಹ, ಸಿಟ್ಟು, ದುಃಖ, ತನ್ನ ಮೈಯ ಮೇಲಿನ ತನ್ನ ಹಕ್ಕು, ಇವುಗಳ ಪಾಠ ಯಾವ ಕೋಣೆಗೆ ಸೇರಬೇಕು? ಎರಡಕ್ಕೂ ಅಲ್ಲ, ಬೆಂಚು ಒಡೆಯುವ ಮೊದಲೇ ಅದು ನಡೆಯಬೇಕು ಎಂಬುದು ನನ್ನ ವಾದ.

ಎರಡೂ ಕೋಣೆಗಳಲ್ಲಿ ಸಮಾನವಾಗಿ ಕಲಿಸುವುದೊಂದಿದೆ, ವಿಧೇಯತೆ. ಹತ್ತು ಕಟ್ಟಳೆಗಳಲ್ಲಿ ತಂದೆತಾಯಿಯರನ್ನು ಗೌರವಿಸೆಂಬ ಆಜ್ಞೆಯಿದೆ; ನೀತಿಪಾಠದಲ್ಲಿ ಗುರುಹಿರಿಯರ ಮಾತು ಮೀರಬಾರದೆಂಬ ಕತೆಗಳಿವೆ. ಒಳ್ಳೆಯ ಪಾಠವೇ, ಆದರೆ ಅರ್ಧ ಪಾಠ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಹುಪಾಲು ಪ್ರಕರಣಗಳಲ್ಲಿ ಆರೋಪಿ ಪರಿಚಿತನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು ವರ್ಷವರ್ಷವೂ ತೋರಿಸುತ್ತವೆ: ನೆರೆಯವ, ನೆಂಟ, ಮನೆಗೆ ಬಂದುಹೋಗುವವ. ಅಪರಿಚಿತರು ಕೊಟ್ಟ ಚಾಕೊಲೇಟ್ ತಿನ್ನಬೇಡ ಎಂಬ ಎಚ್ಚರಿಕೆ ಇಲ್ಲಿ ಕೆಲಸಕ್ಕೆ ಬಾರದು. ಹಿರಿಯರಿಗೂ ‘ಬೇಡ’ ಎನ್ನಬಹುದಾದ ಸಂದರ್ಭವೊಂದಿದೆ ಎಂದು ಯಾರಾದರೂ ಬಾಯಿಬಿಟ್ಟು ಹೇಳಿರಬೇಕು.

ಇದು ಮನೆಯವರ ಕೆಲಸ, ಶಾಲೆಗೇಕೆ ಎನ್ನುವವರಿದ್ದಾರೆ. ತಂದೆತಾಯಿಯರೇ ಮೊದಲ ಗುರುಗಳು ಎಂಬುದು ಚರ್ಚಿನ ನಿಲುವೂ ಹೌದು. ಆದರೆ ಶಿಕ್ಷಣದ ಬಗ್ಗೆ 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಹೊರಡಿಸಿದ ಘೋಷಣೆಯೇ, ಮಕ್ಕಳು ಬೆಳೆದಂತೆ ವಯಸ್ಸಿಗೆ ತಕ್ಕ, ವಿವೇಕಯುತ ಲೈಂಗಿಕ ಶಿಕ್ಷಣ ಸಿಗಬೇಕೆಂದಿತು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅದನ್ನೇ ಮತ್ತೆ ಒತ್ತಿ ಹೇಳಿದರು. ಇಂಗ್ಲೆಂಡಿನಲ್ಲಿ 2020ರಿಂದ ಪ್ರಾಥಮಿಕ ಶಾಲೆಗಳಲ್ಲಿ ಸಂಬಂಧಗಳ ಶಿಕ್ಷಣ ಕಡ್ಡಾಯ. ಕ್ಯಾಥೊಲಿಕ್ ಶಾಲೆಗಳು ಅದನ್ನು ತಮ್ಮ ಶ್ರದ್ಧೆಗೆ ಹೊಂದಿಸಿಕೊಂಡೇ ಕಲಿಸುತ್ತಿವೆ. ಇನ್ನು ತಂದೆ ಗಲ್ಫಿನಲ್ಲೋ ಮುಂಬೈಯಲ್ಲೋ ಇದ್ದು ಅಜ್ಜಿಯ ಮಡಿಲಲ್ಲಿ ಬೆಳೆಯುವ ಮಕ್ಕಳು ನಮ್ಮಲ್ಲಿ ಕಡಿಮೆಯೇ? ಮನೆಯವರು ಹೇಳಿಯಾರು ಎಂದು ಶಾಲೆ, ಶಾಲೆಯವರು ಹೇಳಿಯಾರು ಎಂದು ಮನೆ ಕಾದರೆ, ಕೊನೆಗೆ ಹೇಳುವುದು ಮೊಬೈಲು.

ಸಂಸ್ಕೃತಿಯ ಹೆಸರಿನ ಆಕ್ಷೇಪವೂ ಹಳತೇ. ಕೇಂದ್ರ ಸರ್ಕಾರದ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಬೇಡವೆಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಯುಷ್ಮಾನ್ ಭಾರತದಡಿ 2020ರಲ್ಲಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮದ 11 ವಿಷಯಗಳಲ್ಲಿ ಭಾವನಾತ್ಮಕ ಆರೋಗ್ಯ, ಪರಸ್ಪರ ಸಂಬಂಧಗಳು ಸೇರಿವೆ. ಆದರೆ ಅದರ ಗಮನ ಮೇಲಿನ ತರಗತಿಗಳ ಕಡೆಗೆ. ಮೂರನೇ ತರಗತಿಯ ಮಗುವನ್ನು ಆಟಕ್ಕೆ ಸೇರಿಸದೆ ದೂರವಿಟ್ಟರೆ, ಅದರ ಅಪ್ಪ ತೀರಿಹೋದರೆ, ಆಗ ಏನು ಹೇಳಬೇಕೆಂದು ಉಳಿದ ಮಕ್ಕಳಿಗೆ ಕಲಿಸುವವರು ಯಾರು? ಲೈಂಗಿಕತೆಯ ಮಾತೇ ಇಲ್ಲದ ಇಂಥ ಪಾಠಗಳೇ ಈ ಶಿಕ್ಷಣದ ಬಹುಭಾಗ. ಅದಕ್ಕೆ ಯಾವ ಧರ್ಮದವರ ತಕರಾರೂ ಇರಲಾರದು.

ನಿಜವಾದ ಕಷ್ಟ ಬೇರೆ ಕಡೆ ಇದೆ. ‘ಬೇಡ’ ಎನ್ನಲು ಕಲಿಸಿದ ಶಾಲೆ, ತನ್ನ ವಿರುದ್ಧವೇ ಬಂದ ‘ಬೇಡ’ವನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ದೌರ್ಜನ್ಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಶಿಕ್ಷಕಿಯಾಗಲಿ ಸಂಚಾಲಕರಾಗಲಿ ಪಾದ್ರಿಯಾಗಲಿ, ಯಾರಿಗೂ ವಿನಾಯಿತಿಯಿಲ್ಲ. ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಹೆಸರು ಕೆಡುತ್ತದೆಂಬ ಭಯವನ್ನು ಆಡಳಿತ ಮಂಡಳಿ ಮೊದಲು ಬಿಡದಿದ್ದರೆ, ಮಕ್ಕಳಿಗೆ ಧೈರ್ಯ ಹೇಳಿಕೊಡುವುದು ಬರೀ ನಾಟಕ.

ಆದ್ದರಿಂದ ವಾರಕ್ಕೊಂದು ಪೀರಿಯಡ್, ಎಲ್ಲ ಮಕ್ಕಳೂ ಒಟ್ಟಿಗೆ. ಜೂನ್ ತಿಂಗಳ ಪೋಷಕರ ಸಭೆಯಲ್ಲೇ ಪಾಠದ ಪುಸ್ತಕ ಅವರ ಕೈಗೆ ಸಿಗಲಿ. ಮಗು ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಕೇಳುವ ಶಿಕ್ಷಕಿ ಇರಲಿ, ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098 ಇರಲಿ. ಮನಸ್ಸಿನ ಗಾಯಕ್ಕೆ ಮಣಿಪಾಲದ ಕೆಎಂಸಿಯ ಮನೋವೈದ್ಯರು ಹತ್ತಿರದಲ್ಲೇ ಇದ್ದಾರೆ. ಇದರಿಂದ ವಿಧೇಯತೆ ಕೆಡುವುದಿಲ್ಲ. ಯಾರ ಮಾತನ್ನು, ಯಾಕಾಗಿ ಕೇಳಬೇಕೆಂದು ತಿಳಿದ ಮಗುವಿನ ವಿಧೇಯತೆಗೆ ಮಾತ್ರ ಗೌರವ ಎಂಬ ಹೆಸರು ಒಪ್ಪುತ್ತದೆ.