‘ಮಾತ್ರ’ ಎಲ್ಲಿ ಕೂರಬೇಕು?

ಕ್ರಿಯಾವಿಶೇಷಣವನ್ನು ಬೇಕಾದಲ್ಲಿ ತಿರುಗಿಸಿ ಕೂರಿಸಿದರೆ ಬರಹಕ್ಕೆ ಠೀವಿ ಬರುತ್ತದೆಂದು ಹೊಸ ಬರಹಗಾರರಿಗೆ ಪಾಠ ಹೇಳುವವರಿದ್ದಾರೆ. ಬರಬಹುದು. ಆದರೆ ಪದ ಜಾಗ ಬದಲಿಸಿದಾಗ ಸತ್ಯವೂ ಜಾಗ ಬದಲಿಸೀತು ಎಂಬುದನ್ನು ಅವರು ಹೇಳುವುದಿಲ್ಲ.

ಕನ್ನಡದ ನಾಮಪದಕ್ಕೆ ವಿಭಕ್ತಿ ಪ್ರತ್ಯಯದ ರಕ್ಷೆಯಿದೆ. ‘ಯುವಕನನ್ನು’ ಎಂಬುದು ಎಲ್ಲಿ ಕುಳಿತರೂ ಕರ್ಮಪದವೇ. ‘ನಿನ್ನೆ’, ‘ಮಾತ್ರ’, ‘ಬಹುಶಃ’ಗಳಿಗೆ ಆ ರಕ್ಷೆಯಿಲ್ಲ. ಅವು ಯಾವುದಕ್ಕೆ ಸೇರಿದವೆಂದು ಕುಳಿತ ಜಾಗವೇ ಹೇಳಬೇಕು.

‘ಪೊಲೀಸರು ನಿನ್ನೆ ತಲೆಮರೆಸಿಕೊಂಡಿದ್ದ ಯುವಕನನ್ನು ಬಂಧಿಸಿದರು.’ ನಿನ್ನೆ ನಡೆದದ್ದು ಬಂಧನವೋ, ತಲೆಮರೆಸಿಕೊಂಡದ್ದೋ? ‘ನಿನ್ನೆ’ಯನ್ನು ‘ಬಂಧಿಸಿದರು’ ಪಕ್ಕ ಕೂರಿಸಿದರೆ ಗೊಂದಲ ಮುಗಿಯಿತು.

‘ಮುಸ್ಲಿಮ್ ವ್ಯಾಪಾರಿಗಳು ಸಭೆಗೆ ಮಾತ್ರ ಬರಲಿಲ್ಲ’ ಎಂದರೆ ಉಳಿದೆಲ್ಲದರಲ್ಲೂ ಅವರು ಜೊತೆಗಿದ್ದರು ಎಂದಾಯಿತು. ‘ಮುಸ್ಲಿಮ್ ವ್ಯಾಪಾರಿಗಳು ಮಾತ್ರ ಸಭೆಗೆ ಬರಲಿಲ್ಲ’ ಎಂದರೆ ಊರೆಲ್ಲ ಬಂದಿತ್ತು, ಇವರಷ್ಟೇ ದೂರ ನಿಂತರು ಎಂದಾಯಿತು. ಒಂದು ಪದವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೂ ಒಂದು ಸಮುದಾಯ ಕಟಕಟೆ ಹತ್ತಿಬಿಟ್ಟಿತು!

‘ಬೆಂಕಿ ಹಚ್ಚಿದವರು ಅವರೇ, ಬಹುಶಃ’ ಎಂಬುದು ಇನ್ನೊಂದು ಠೀವಿ. ಆರೋಪ ಮೊದಲು, ಅನುಮಾನ ಬಾಲದಲ್ಲಿ. ಓದುಗ ಬಾಲ ತಲುಪುವಷ್ಟರಲ್ಲಿ ತೀರ್ಪು ಬಂದಾಗಿರುತ್ತದೆ.

ಒತ್ತು ಬೇಕಾದಾಗ ಪದವನ್ನು ಮುಂದೆ ತರುವುದು ತಪ್ಪಲ್ಲ, ಅದು ಭಾಷೆಯ ಸೊಗಸು. ಆದರೆ ಅರ್ಥ ಕೆಡಿಸಿ ಗಳಿಸಿದ್ದು ಸೊಗಸಲ್ಲ. ಮಾತು ನೇರವಾಗಿರಬೇಕೆಂದು ಕುರ್‌ಆನ್ ಕಲಿಸುತ್ತದೆ. ಲೇಖನಿ ಹಿಡಿದವರಿಗೆ ಈ ಹೊಣೆ ಇನ್ನೂ ಹೆಚ್ಚು. ವಾಕ್ಯ ಬರೆದ ಮೇಲೆ ‘ಚೆನ್ನಾಗಿದೆಯೇ?’ ಎನ್ನುವ ಮೊದಲು ‘ನಿಜವೇ?’ ಎಂದು ಕೇಳಿಕೊಳ್ಳೋಣ.