ಬಿಚ್ಚದೆ ಮುಚ್ಚುವ ತೇಪೆ

ಊರಿನಿಂದ ಬಂದ ನೆಂಟರನ್ನು ನಾವು ಮಟ್ಟಾಂಚೇರಿಗೆ ಕರೆದೊಯ್ದಾಗ ತೋರಿಸುವುದು ಡಚ್ ಅರಮನೆ, ಪರದೇಸಿ ಸಿನಗಾಗ್, ಮೆಣಸು ಶುಂಠಿಗಳ ಮಂಡಿಗಳು. ಇವುಗಳ ಬೆನ್ನಿಗೇ ನೀರಿದೆ, ನೀರಿನಲ್ಲಿ ದೋಣಿಗಳಿವೆ, ದೋಣಿಗಳನ್ನು ರಿಪೇರಿ ಮಾಡುವ ಕೈಗಳಿವೆ. ಅತ್ತ ನಾವೂ ಬೆರಳು ತೋರುವುದಿಲ್ಲ. ಅರಮನೆಯ ರಾಮಾಯಣ ಭಿತ್ತಿಚಿತ್ರಗಳ ಜೀರ್ಣೋದ್ಧಾರವನ್ನು ವಿದ್ಯೆಯೆನ್ನುತ್ತೇವೆ. ಫೈಬರ್ ದೋಣಿಯ ಡೆಕ್ಕಿಗೆ ಹಾಕುವ ಅಂಗೈಯಗಲದ ತೇಪೆಯನ್ನು ಕೂಲಿಯೆನ್ನುತ್ತೇವೆ. ಈ ತಾರತಮ್ಯ ಸರಿಯಲ್ಲವೆಂಬುದು ನಮ್ಮ ವಾದ.

ಫೈಬರ್ ಡೆಕ್ಕು ಒಂದೇ ಹಲಗೆಯಲ್ಲ. ಗಾಜಿನ ನಾರಿನ ಪದರಗಳನ್ನು ಪಾಲಿಯೆಸ್ಟರ್ ರಾಳದಲ್ಲಿ ತೋಯಿಸಿ ಒಂದರ ಮೇಲೊಂದು ಕೂರಿಸಿದ್ದು. ಮೇಲೆ ಜೆಲ್‌ಕೋಟ್ ಎಂಬ ಹೊಳಪಿನ ತೊಗಲು. ಹಲವು ದೋಣಿಗಳಲ್ಲಿ ನಡುವೆ ಪ್ಲೈವುಡ್. ಲಂಗರು ಬಿದ್ದು ಜಜ್ಜಿದರೆ ಕಣ್ಣಿಗೆ ಕಾಣುವುದು ತೊಗಲಿನ ಬಿರುಕು ಮಾತ್ರ. ಅದರೊಳಗೆ ನೀರಿಳಿದು ಮರ ಕೊಳೆಯುತ್ತಿರುವುದು ಕಾಣದು, ಆದರೆ ಕೇಳಿಸುತ್ತದೆ: ನಾಣ್ಯದಿಂದ ತಟ್ಟುತ್ತ ಹೋದರೆ ಗಟ್ಟಿಯಿದ್ದಲ್ಲಿ ಟಣ್ಣೆನ್ನುವುದು, ಪದರ ಬಿಟ್ಟಲ್ಲಿ ಮಂಕಾಗುವುದು.

ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಕೆಲಸ ಬೇಗ ಮುಗಿಯುತ್ತದೆ, ಒಳಗಿನ ಕೊಳೆತವೂ ಬೇಗ ಹಬ್ಬುತ್ತದೆ. ಸರಿಯಾದ ರಿಪೇರಿ ಗಾಯವನ್ನು ಮೊದಲು ದೊಡ್ಡದು ಮಾಡುತ್ತದೆ. ಉಜ್ಜುವ ಮುನ್ನವೇ ಅಸಿಟೋನ್‌ನಿಂದ ಎಣ್ಣೆ, ಮೇಣ ಒರೆಸಬೇಕು. ಇಲ್ಲವಾದರೆ ಯಂತ್ರವೇ ಜಿಡ್ಡನ್ನು ಒಳಕ್ಕೆ ತಿಕ್ಕುತ್ತದೆ. ಕೊಳೆತದ್ದನ್ನೆಲ್ಲ ಕೊರೆದು ತೆಗೆದು, ಅಂಚನ್ನು ಆಳದ ಸುಮಾರು 12 ಪಟ್ಟು ಅಗಲಕ್ಕೆ ಇಳಿಜಾರಾಗಿಸಬೇಕು. 5 ಮಿ.ಮೀ. ಆಳಕ್ಕೆ ಸುತ್ತಲೂ 60 ಮಿ.ಮೀ. ಇಳಿಜಾರು! ಮಾಲೀಕನ ಎದೆ ಧಸಕ್ಕೆನ್ನುವುದು ಇಲ್ಲೇ. ಆದರೆ ಹೊಸ ರಾಳ ಹಳೆಯದರೊಡನೆ ಕರಗಿ ಒಂದಾಗುವುದಿಲ್ಲ, ತರಿಯಾದ ಮೈಯನ್ನು ಕಚ್ಚಿ ಹಿಡಿಯುತ್ತದೆ ಅಷ್ಟೆ. ಕಚ್ಚಲು ಜಾಗ ಬೇಕು. ಆಮೇಲೆ ಇಳಿಜಾರಿಗೆ ತಕ್ಕಂತೆ ಕತ್ತರಿಸಿದ ನಾರಿನ ಚಾಪೆಗಳು, ಶೇ. 1ರಿಂದ 2ರಷ್ಟು ಹಾರ್ಡ್‌ನರ್ ಬೆರೆಸಿದ ರಾಳ, ಗಾಳಿಗುಳ್ಳೆ ಹೊರಡಿಸಲು ರೋಲರು.

ಇದಕ್ಕೆಲ್ಲ ಮೊದಲು ಒಣಗಬೇಕು. ತೊಡಕಿರುವುದು ಅಲ್ಲಿ. ಕೇರಳದ ಟ್ರಾಲಿಂಗ್ ನಿಷೇಧ 52 ದಿನಗಳದು, ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ. ಬೋಟುಗಳು ದಡ ಸೇರಿ ರಿಪೇರಿಗೆ ಬಿಡುವಾಗುವುದು ಆಗಲೇ. ಮುಂಗಾರು ಎಡೆಬಿಡದೆ ಸುರಿಯುವುದೂ ಆಗಲೇ. ತಾಡಪಾಲಿನ ಕೆಳಗೆ, ತೇವದ ನಾರಿನ ಮೇಲೆ, ಆಗಸ್ಟ್ ಬರುವುದರೊಳಗೆ ಮುಗಿಸುವ ಧಾವಂತದಲ್ಲಿ ಹಾಕಿದ ತೇಪೆ ಎದ್ದು ಬಂದರೆ ಕೆಲಸಗಾರನನ್ನು ಬಯ್ಯುವುದು ಸುಲಭ. (ನಮ್ಮ ಮಲ್ಪೆಯ ಬಿಡುವೂ ಮಳೆಯದೇ, ಜೂನ್ ಮತ್ತು ಜುಲೈ.)

2018ರ ಆಗಸ್ಟಿನ ನೆರೆಯಲ್ಲಿ ತಿರುವನಂತಪುರ, ಕೊಲ್ಲಂ ಕಡೆಯ ಮೀನುಗಾರರು ದೋಣಿಗಳನ್ನು ಲಾರಿಗಳ ಮೇಲೆ ಹೇರಿಕೊಂಡು ಚೆಂಗನ್ನೂರಿನತ್ತ ಧಾವಿಸಿದರು. ಮುಳುಗಿದ ಕಾಂಪೌಂಡ್ ಗೋಡೆ, ಗೇಟುಗಳಿಗೆ ಉಜ್ಜಿ ಹಲವು ದೋಣಿಗಳ ಮೈ ಹರಿಯಿತು. ಕೆಟ್ಟ ದೋಣಿಗಳನ್ನು ಸರಿಪಡಿಸಿಕೊಡುವುದಾಗಿ ಸರಕಾರ ಆಗ ಘೋಷಿಸಿತ್ತು. ರಿಪೇರಿ ಸಾರ್ವಜನಿಕ ಹೊಣೆಯೆಂದು ಒಪ್ಪಿಕೊಳ್ಳಲು ನೆರೆಯೇ ಬರಬೇಕೆ?

ಹೊಸ ದೋಣಿಗಳಿಗೆ ಸಹಾಯಧನ ಕೊಡುವಾಗ ಬಂದರಿಗೊಂದಾದರೂ ಸೂರುಳ್ಳ, ಒಣಗಿದ ರಿಪೇರಿ ಕೊಟ್ಟಿಗೆಯನ್ನೂ ಕಟ್ಟಿಸಬೇಕು. ಗಾಜಿನ ಧೂಳು ಕುಡಿಯುವ ಕೆಲಸಗಾರನಿಗೆ ಅಲ್ಲಿ ಒಳ್ಳೆಯ ಮುಖಗವಸೂ ಇರಬೇಕು. ಕಲಿಸುವವರಿಗೆ ದೂರ ಹುಡುಕಬೇಕಾಗಿಲ್ಲ. 1957ರಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇಂದು ಮಟ್ಟಾಂಚೇರಿಯ ಕಾಲುವೆಯಾಚೆ, ವಿಲಿಂಗ್ಡನ್ ದ್ವೀಪದಲ್ಲೇ ಇದೆ.