ಮನಿ ಕಂಪ್ಯೂಟರಿಗೆ ಐದು ವರ್ಷದ ಉಬುಂಟೂನ ಇರ್ಲಿ

2025ರ ಅಕ್ಟೋಬರ್ 14ಕ್ಕ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ಮುಗದ್ವು. ಹಳೇ ಕಂಪ್ಯೂಟರ್ ಎಷ್ಟೋ ಅವ, ಅವಕ್ಕ ವಿಂಡೋಸ್ 11 ಹಾಕ್ಲಿಕ್ಕೆ ಬರೂದಿಲ್ಲ. ಹಿಂಗಾಗಿ ಮನಿ ಹುಡುಗ್ರು ‘ಉಬುಂಟು ಹಾಕಿಬಿಡ್ತೀನಿ, ರೊಕ್ಕ ಏನೂ ಹತ್ತೂದಿಲ್ಲ’ ಅಂತ ಪೆನ್ ಡ್ರೈವ್ ಹಿಡಕೊಂಡು ಕೂಡ್ತಾರ. ಹಾಕ್ಲಿ, ಛೊಲೋನ ಆತು. ಆದ್ರ ವೈನಿ, ಅಕ್ಕಾರ, ‘ಯಾವ ಉಬುಂಟು?’ ಅಂತ ನಾವು ಕೇಳ್ಲಿಕ್ಕೇ ಬೇಕು.

ಯಾಕಂದ್ರ ಅದರಾಗ ಎರಡು ದಾರಿ ಅವ. ಆರು ತಿಂಗಳಿಗೊಮ್ಮೆ, ಏಪ್ರಿಲ್ ಮತ್ತ ಅಕ್ಟೋಬರದಾಗ, ಹೊಸಾದೊಂದು ಬರ್ತದ. ಅದಕ್ಕ ಬರೇ 9 ತಿಂಗಳು ಅಪ್‌ಡೇಟ್ ಸಿಗ್ತಾವ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ದಾಗ ಬರೋದಕ್ಕ ಎಲ್‌ಟಿಎಸ್ ಅಂತಾರ, ಅದಕ್ಕ 5 ವರ್ಷ ಸಿಗ್ತಾವ. ಗುರ್ತು ಹಿಡ್ಯೋದು ಸರಳ: ನಂಬರಿನಾಗ ಮೊದಲಿಂದು ವರ್ಷ, ಆಮ್ಯಾಲಿಂದು ತಿಂಗಳು. ಸರಿಸಂಖ್ಯೆಯ ವರ್ಷ ಇದ್ದು ಮುಂದ 04 ಇದ್ರ ಅದು ಎಲ್‌ಟಿಎಸ್. 24.04 ಅಂದ್ರ 2024ರ ಏಪ್ರಿಲ್ದು, 2029ರ ತನಕ ನಡೀತದ. ಅದರ ಬೆನ್ನಿಗೆ ಬಂದ 24.10 ಹೊಸಾದು ಖರೆ, ಆದ್ರ 2025ರ ಜುಲೈಕ್ಕ ಅದರ ಕಥಿ ಮುಗೀತು.

ಹುಡುಗ್ರಿಗೆ ಹೊಸಾದರ ಹುಚ್ಚು. ಇರ್ಲಿ, ಅವರದ ಲ್ಯಾಪ್‌ಟಾಪಿನಾಗ ಏನಾರ ಮಾಡ್ಕೊಳ್ಲಿ. ಆದ್ರ ಕರೆಂಟ್ ಬಿಲ್ಲು, ಪೆನ್ಶನ್ ಕಾಗದ, ಫೋಟೋ ಎಲ್ಲಾ ಇರೋ ಮನಿ ಕಂಪ್ಯೂಟರಿಗೆ ವರ್ಷಕ್ಕ ಎರಡು ಸಲ ಇಡೀ ವ್ಯವಸ್ಥಾನ ಬದಲಿ ಮಾಡೋ ಉಸಾಬರಿ ಯಾಕ? ಸೂಟಿ ಮುಗಿಸಿ ಅವರು ಊರಿಗೆ ಹೋಗ್ತಾರ. ಪ್ರಿಂಟರ್ ಸಿಟ್ಟಾದ್ರ ಎದುರು ಕೂಡಾಕಿ ಮನ್ಯಾಗಿನ ಹೆಣಮಗಳು. ದಿನಾ ಬಳಸಾಕಿ ಯಾರೋ, ಆರಿಸೋ ಹಕ್ಕು ಅಕೀದು ಅಂತೀನಿ ನಾನು.

‘ಹಳೇದಾಗ್ತದಲ್ಲಾ’ ಅಂತಾರ. ಹಂಗೇನಿಲ್ಲ. ಎಲ್‌ಟಿಎಸ್‌ನಾಗೂ ಫೈರ್‌ಫಾಕ್ಸ್ ಹೊಸಾದಾಗ್ತಾನ ಇರ್ತದ. ಈಗಷ್ಟ ಪ್ಯಾಟ್ಯಾಗ ಬಂದ ಮಶೀನಿದ್ರ ಹೊಸಾ ಉಬುಂಟು ಬೇಕಾದೀತು, ಅದನ್ನ ಒಪ್ತೀನಿ. ಹತ್ತು ವರ್ಷದ ಹಳೇ ಡಬ್ಬಿಗೆ ಅದ್ಯಾಕ ಬೇಕು? ಇನ್ನೊಂದು ನೋಡ್ರಿ: ಒಂದು ಎಲ್‌ಟಿಎಸ್ ಇದ್ದವರಿಗೆ ಮುಂದಿನ ಎಲ್‌ಟಿಎಸ್‌ಗೆ ಬರ್ರಿ ಅಂತ ಕರೆಯೋದು ಅದು ಬಂದ ದಿನಾನ ಅಲ್ಲ. ಕೆಲವು ತಿಂಗಳು ತಡದು, ಮೊದಲ್ನೇ ತಿದ್ದುಪಡಿ, ಅಂದ್ರ .1 ಅನ್ನೋದು ಬಂದಮ್ಯಾಲೆ. ಮಾಡಿದವರ ಇಷ್ಟು ತಡೀತಾರ, ನಮಗೇನು ಗಡಿಬಿಡಿ?

ಆದ್ರ ಒಂದು ಮಾತು. ನಿಂತ ನೀರಿನಂಗ ಅಪ್‌ಡೇಟ್ ಎಲ್ಲಾ ಬಂದ್ ಮಾಡಿ ಕೂಡೋದಕ್ಕ ಸ್ಥಿರ ಅನ್ನೂದಿಲ್ಲ. ಐದು ವರ್ಷ ಬರೋ ಸುರಕ್ಷತಾ ಅಪ್‌ಡೇಟ್ ಬಂದಂಗ ಹಾಕ್ಕೋಬೇಕು, ಅದಕ್ಕಂತನ ಎಲ್‌ಟಿಎಸ್ ಆರಿಸೋದು. ‘ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್’ ತಗದು, ಹೊಸಾ ಆವೃತ್ತಿ ತಿಳಸೋ ಕಡೆ ‘ಲಾಂಗ್ ಟರ್ಮ್ ಸಪೋರ್ಟ್’ ಇದ್ದದ್ದಷ್ಟ ಇಡ್ರಿ. ನಡುವಿನವು ಕೇಳ್ಲಿಕ್ಕೆ ಬರೂದಿಲ್ಲ.

ಯಾರಾದ್ರೂ ಪೆನ್ ಡ್ರೈವ್ ಹಿಡಕೊಂಡು ಬಂದ್ರ ಚಹಾ ಕೊಡ್ರಿ, ಅವಲಕ್ಕಿ ಕೊಡ್ರಿ. ಕೊಡೋಕಿಂತ ಮೊದಲ ನಂಬರ್ ಕೇಳ್ರಿ.